ರಫ್ತಿಗೂ ಔಟ್‌ಟರ್ನ್ ನೋಡಿ

ರೂಪಾಯಿ ಕುಸಿದಾಗಲೆಲ್ಲ ಚಿಕ್ಕಮಗಳೂರಿಗೆ ಅಭಿನಂದನೆ ಬರುತ್ತದೆ. ‘ರಫ್ತಿಗೆ ಸುಗ್ಗಿ, ನಮ್ಮ ಕಾಫಿ ಈಗ ಜಾಗತಿಕವಾಗಿ ಸ್ಪರ್ಧಾತ್ಮಕ’ ಎಂದು ಕೋಟು ತೊಟ್ಟ ಪಂಡಿತರು ಟಿವಿಯಲ್ಲಿ ಸಾರುತ್ತಾರೆ. ಮೂಡಿಗೆರೆಯ ಬೆಳೆಗಾರನಿಗೆ ರಾತ್ರಿ ಮಲಗುವಾಗ ಇಲ್ಲದ ಸಾಮರ್ಥ್ಯ ಬೆಳಗಾಗುವಷ್ಟರಲ್ಲಿ ಬಂದುಬಿಟ್ಟಿರುತ್ತದೆ. ಗುಡ್ಡ ಅದೇ, ಗಿಡ ಅದೇ, ಕಾಯಿಕೊರಕವೂ ಅದೇ. ನಡುವೆ ಆತ ಮಾಡಿದ್ದು ನಿದ್ದೆಯೊಂದೇ.

ಇದಕ್ಕೆ ಶಾಸ್ತ್ರಾಧಾರವೂ ಉಂಟು. ರಿಸರ್ವ್ ಬ್ಯಾಂಕು 40 ದೇಶ-ವಲಯಗಳ ಕರೆನ್ಸಿಗಳೆದುರು ರೂಪಾಯಿಯನ್ನು ತೂಗಿ, ಬೆಲೆಯೇರಿಕೆಯನ್ನೂ ಲೆಕ್ಕಕ್ಕೆ ಹಿಡಿದು ಒಂದು ಸೂಚ್ಯಂಕ ಕೊಡುತ್ತದೆ. ಅದು ಇಳಿದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗ, ಅಂದರೆ ನಾವು ಗೆದ್ದಂತೆ. ಆದರೆ ನಮ್ಮ ಸರಕಿನೊಳಗೆ ಅವರ ಸರಕೂ ಕುಳಿತಿರುತ್ತದಲ್ಲ? ತೋಟಕ್ಕೆ ಹಾಕುವ ಪೊಟ್ಯಾಷ್ ಹಡಗಿನಲ್ಲೇ ಬರಬೇಕು. ಪಂಪಿಗೆ ಸುರಿಯುವ ಡೀಸೆಲಿನ ಕಚ್ಚಾತೈಲವೂ ಬಹುಪಾಲು ಹೊರಗಿನದು. ಡಾಲರ್ ಏರಿದ ಸುದ್ದಿ ಗೊಬ್ಬರದ ಅಂಗಡಿಗೂ ಇಂದಲ್ಲ ನಾಳೆ ತಲುಪುತ್ತದೆ. ಅಲ್ಲಿ ಯಾರೂ ಅಭಿನಂದಿಸುವುದಿಲ್ಲ. ಹಾಸನದ ಸಿದ್ಧ ಉಡುಪು ಕಾರ್ಖಾನೆಗೆ ಬಟ್ಟೆಯೂ ಜಿಪ್ಪೂ ಹೊರದೇಶದಿಂದ ಬಂದಿದ್ದರೆ ನಮ್ಮದು ಹೊಲಿಗೆ ಮಾತ್ರ, ಆದರೆ ಸುಂಕದ ಕಾಗದದಲ್ಲಿ ಇಡೀ ಅಂಗಿಯೇ ಭಾರತದ ರಫ್ತು.

ಈ ಪಂಡಿತರನ್ನು ಸುಗ್ಗಿಯ ಕಾಲದಲ್ಲಿ ನಮ್ಮ ಯಾವುದಾದರೂ ಕಾಫಿ ಮಂಡಿಯಲ್ಲಿ ಅರ್ಧ ದಿನ ಕೂರಿಸಬೇಕು. ಬೆಳೆಗಾರ ರೋಬಸ್ಟಾ ಜಾತಿಯ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಮೂಟೆ ಇಳಿಸುತ್ತಾನೆ. ತೂಕ ನೋಡಿ ವ್ಯಾಪಾರಿ ದುಡ್ಡು ಎಣಿಸುವುದಿಲ್ಲ. ಮಾದರಿಗೆಂದು ಒಂದಷ್ಟು ತೆಗೆದು, ತೂಗಿ, ಸಿಪ್ಪೆ ಬಿಡಿಸಿ, ಊದಿ, ಉಳಿದ ಬೀಜವನ್ನು ಮತ್ತೆ ತಕ್ಕಡಿಗೆ ಹಾಕುತ್ತಾನೆ. ತೇವಾಂಶವನ್ನೂ ಅಳೆಯುತ್ತಾನೆ. ಆಮೇಲೆ ತೀರ್ಪು: ‘ಔಟ್‌ಟರ್ನ್ ಇಪ್ಪತ್ತಾರು.’ ಐವತ್ತು ಕಿಲೋದ ಮೂಟೆಯಲ್ಲಿ ಬೀಜ ಇಪ್ಪತ್ತಾರು ಕಿಲೋ, ದರ ಅದಕ್ಕೇ. ‘ಇಪ್ಪತ್ತೆಂಟು ಬರಬೇಕಿತ್ತಲ್ಲ ಸಾಹುಕಾರ್ರೇ’ ಎಂದು ಬೆಳೆಗಾರ ಗೊಣಗುತ್ತಾನೆ, ಆದರೆ ಸಿಪ್ಪೆಗೂ ಕಾಸು ಕೊಡಿ ಎಂದು ಆತನೂ ಕೇಳುವುದಿಲ್ಲ. ಸಿಪ್ಪೆಯನ್ನು ಬೀಜವೆಂದು ತೂಗುವ ವ್ಯಾಪಾರಿ ಮಲೆನಾಡಿನಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೆ ಇಷ್ಟು ಹೊತ್ತಿಗೆ ದೆಹಲಿಯಲ್ಲಿ ಸಲಹೆಗಾರನಾಗಿರುತ್ತಿದ್ದ.

ರಫ್ತನ್ನೂ ಹೀಗೆ ಆಮದಿನ ಸಿಪ್ಪೆ ಕಳೆದೇ ತೂಗಬೇಕೆಂಬುದು ಪ್ರಪಂಚಕ್ಕೆ ತಡವಾಗಿ ಹೊಳೆಯಿತು. 2009ರ ಐಫೋನನ್ನು ಸಂಶೋಧಕರಿಬ್ಬರು ಹೀಗೆಯೇ ಬಿಡಿಸಿ ನೋಡಿದರು: ಸುಮಾರು 179 ಡಾಲರ್ ಉತ್ಪಾದನಾ ವೆಚ್ಚದಲ್ಲಿ ಚೀನಾದ ಜೋಡಣೆಗೆ ದಕ್ಕಿದ್ದು ಆರೂವರೆ ಡಾಲರ್, ರಫ್ತಿನ ಪುಸ್ತಕದಲ್ಲಿ ಮಾತ್ರ ಪೂರ್ತಿ ಮೊತ್ತವೂ ಚೀನಾದ್ದೇ. 2013ರಲ್ಲಿ ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಮತ್ತು ವಿಶ್ವ ವ್ಯಾಪಾರ ಸಂಸ್ಥೆ ಸೇರಿ, ಯಾವ ದೇಶ ಎಷ್ಟು ಮೌಲ್ಯ ಸೇರಿಸಿತು ಎಂಬ ದತ್ತಾಂಶವನ್ನೇ ಹೊರತಂದವು. ಟಿವಿಯವರೆಗೆ ಅದಿನ್ನೂ ಬಂದಂತಿಲ್ಲ. ಹಾಗೆ ಬಿಡಿಸುತ್ತಾ ಹೋದರೆ ಕೆಲವರಿಗೆ ಮುಜುಗರವೂ ಆದೀತು. ಒಂದು ಕಾಫಿ ಗಿಡವನ್ನೂ ಬೆಳೆಯದ ಜರ್ಮನಿ ಹುರಿದ ಕಾಫಿಯ ದೊಡ್ಡ ರಫ್ತುದಾರ. ನಾವೂ ಬೀಗುವಂತಿಲ್ಲ: ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನು ನಂಬಿದರೆ ನಮ್ಮ ಬಂಡವಾಳವೂ ಯೆಮನ್ನಿನ ಆಮದು, ಅದೂ ಸುಂಕ ಕಟ್ಟದೆ.

ಇಷ್ಟಾಗಿಯೂ ವೆಚ್ಚ ಹೆಚ್ಚಾಯಿತು ಎಂದೊಡನೆ ಎಲ್ಲರ ಬೆರಳೂ ಹಣ್ಣು ಕೊಯ್ಯುವವರ ಕೂಲಿಯತ್ತಲೇ ತಿರುಗುತ್ತದೆ. ಬೆಲೆ ಕಟ್ಟುವುದು ರೋಬಸ್ಟಾಕ್ಕೆ ಲಂಡನ್ ಪೇಟೆ, ಇನ್ನೊಂದು ಜಾತಿಯಾದ ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆ. ದುಬಾರಿಯಾದವಳು ಮಾತ್ರ ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸು! ಬ್ರೆಜಿಲ್ ನೋಡಿ, ಯಂತ್ರದಲ್ಲಿ ಕೊಯ್ಯುತ್ತಾರೆ ಎಂಬ ಉಪದೇಶವೂ ಜೊತೆಗಿರುತ್ತದೆ. ಅಲ್ಲಿ ಯಂತ್ರ ಓಡುವ ತೋಟ ಸಮತಟ್ಟು, ಇಲ್ಲಿ ಮನುಷ್ಯನೇ ಗಿಡ ಹಿಡಿದು ನಿಲ್ಲಬೇಕಾದ ಇಳಿಜಾರು. ಆದ್ದರಿಂದ ಬಾಬಾಬುಡನ್‌ಗಿರಿಯನ್ನೇ ಮಟ್ಟ ಮಾಡಿಸುವುದು ಒಳ್ಳೆಯದು. ಟೆಂಡರ್ ಕರೆದರೆ ಗುತ್ತಿಗೆದಾರರಿಗೇನೂ ಬರವಿಲ್ಲ. ಅಗೆದ ಮಣ್ಣನ್ನು ಮಂಗಳೂರು ಬಂದರಿನಿಂದ ಸಾಗಿಸಿದರೆ ಆಮದಿನ ಸೋಂಕಿಲ್ಲದ ಅಪ್ಪಟ ಸ್ವದೇಶಿ ರಫ್ತು ಎಂದರೆ ಅದೊಂದೇ ಆಗುತ್ತದೆ, ಜೆಸಿಬಿಯ ಡೀಸೆಲ್ ಕಳೆದು.