ಸಾಂ ಮಾಲೋ ಕೋಟೆ ಹಳೆಯದು, ಒಳಗಿನ ಊರು ಅಷ್ಟು ಹಳೆಯದಲ್ಲ

ಫ್ರಾನ್ಸಿನ ಉತ್ತರ ಕರಾವಳಿಯ ಸಾಂ ಮಾಲೋ ಬಂದರಿನ ಚಿತ್ರವೊಂದು ‘ಮಧ್ಯಯುಗದಿಂದ ಒಂದು ಕಲ್ಲೂ ಅಲುಗದೆ ಉಳಿದ ನಗರ’ ಎಂಬ ಒಕ್ಕಣೆಯೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಚಿತ್ರ ನಿಜ, ಒಕ್ಕಣೆ ತಪ್ಪು.

1944ರ ಆಗಸ್ಟ್‌ನಲ್ಲಿ ಜರ್ಮನ್ ಪಡೆಯಿಂದ ಊರನ್ನು ಬಿಡಿಸಲು ಅಮೆರಿಕನ್ ಸೇನೆ ನಡೆಸಿದ ದಾಳಿ ಮತ್ತು ಆಗ ಹಬ್ಬಿದ ಬೆಂಕಿಯಲ್ಲಿ ಕೋಟೆಯೊಳಗಿನ ಸುಮಾರು ಶೇ 80ರಷ್ಟು ಭಾಗ ನೆಲಸಮವಾಯಿತು. ಗೋಡೆಗಳು ಮಾತ್ರ ಬಹುಪಾಲು ಉಳಿದವು. ಅವು ಕೂಡ ಒಂದೇ ಕಾಲದವಲ್ಲ. 12ನೇ ಶತಮಾನದ ಭಾಗಗಳಿಗೆ 18ನೇ ಶತಮಾನದ ವಿಸ್ತರಣೆ ಸೇರಿಕೊಂಡಿದೆ. ಇಂದು ಪ್ರವಾಸಿಗರು ಮೆಚ್ಚುವ ಗ್ರಾನೈಟ್ ಮನೆಗಳಲ್ಲಿ ಹೆಚ್ಚಿನವು ಯುದ್ಧಾನಂತರ, ಹಳೆಯ ಶೈಲಿಯನ್ನು ಅನುಸರಿಸಿ ಕಟ್ಟಿದವು. ಕ್ಯಾಥೆಡ್ರಲ್‌ನ ಶಿಖರ ಪೂರ್ಣಗೊಂಡದ್ದು 1972ರಲ್ಲಿ! ಇದರಿಂದ ಊರಿನ ಬೆಲೆ ತಗ್ಗುವುದಿಲ್ಲ. ನನ್ನ ಮಟ್ಟಿಗೆ ಈ ಮರುನಿರ್ಮಾಣವೇ ಹೆಚ್ಚಿನ ಸಾಹಸ.

ಅದೇ ಸಂದೇಶದ ‘ಗ್ರಾಂ ಬೇ ದ್ವೀಪಕ್ಕೆ ಯಾವಾಗ ಬೇಕಾದರೂ ನಡೆದು ಹೋಗಬಹುದು’ ಎಂಬ ಮಾತು ಅಪಾಯಕಾರಿ. ಲೇಖಕ ಶಾತೋಬ್ರಿಯಾಂ ಸಮಾಧಿಯಿರುವ ಅಲ್ಲಿಗೆ ಇಳಿತದ ಸಮಯದಲ್ಲಿ ಮಾತ್ರ ದಾರಿ ತೆರೆದಿರುತ್ತದೆ. ಇಲ್ಲಿನ ಉಬ್ಬರವಿಳಿತ ಯುರೋಪಿನಲ್ಲೇ ಅತಿ ದೊಡ್ಡವುಗಳಲ್ಲೊಂದು. ವೇಳಾಪಟ್ಟಿ ನೋಡದೆ ಹೊರಟರೆ ನೀರು ಇಳಿಯುವವರೆಗೆ ದ್ವೀಪದಲ್ಲೇ ಕಾಯಬೇಕಾದೀತು.