ಹೇಗೂ ಬಂದಿದ್ದೀವಲ್ಲ!

ನಮ್ಮ ಹಾಲ್‌ನ ಮೂಲೆಯಲ್ಲಿ ನಿನ್ನೆವರೆಗೂ ಒಂದು ನೀಲಿ ಸೂಟ್‌ಕೇಸ್ ಗೋಡೆಗೆ ಒರಗಿಕೊಂಡು ನಿಂತಿತ್ತು. ಒರಗದೆ ನಿಲ್ಲೋಕೆ ಅದಕ್ಕೆ ಆಗುತ್ತಿರಲಿಲ್ಲ. ನಾಲ್ಕು ಚಕ್ರದಲ್ಲಿ ಒಂದು ಸ್ಪೇನ್‌ನಲ್ಲೇ ಉಳಿದಿದೆ. ಬೆಳಿಗ್ಗೆ ಪೊರಕೆ ತಾಗಿದರೆ ಸಾಕು, ದಡ್ ಅಂತ ಬೀಳೋದು. ಬಿದ್ದಾಗಲೆಲ್ಲ ನನಗೆ ಹೊಸದಾಗಿ ಸಿಟ್ಟು ಬರೋದು. ಸೂಟ್‌ಕೇಸ್ ಮೇಲಲ್ಲ, ನಮ್ಮ ಮನೆಯವರ ಮೇಲೆ. ಅವರೋ ಪೇಪರ್‌ನಿಂದ ತಲೆ ಎತ್ತದೆ, "ಏನೇ ಅದು ಸದ್ದು?" ಅನ್ನೋರು.

ಇವರಿಗೊಂದು ಮಾತಿನ ಚಟ ಇದೆ. "ಹೇಗೂ ಬಂದಿದ್ದೀವಲ್ಲ." ಕೊತ್ತಂಬರಿ ಸೊಪ್ಪಿಗೆ ಅಂತ ಗಾಂಧಿಬಜಾರಿಗೆ ಹೋದರೆ, ಹೇಗೂ ಬಂದಿದ್ದೀವಲ್ಲ, ದೊಡ್ಡ ಗಣಪತಿಗೆ ಒಂದು ಕೈ ಮುಗಿದು ಹೋಗೋಣ. ಗಣಪತಿವರೆಗೆ ಬಂದ ಮೇಲೆ ಬಸವಣ್ಣನನ್ನು ಬಿಡೋಕಾಗುತ್ತಾ? ಅಲ್ಲಿಂದ ಮುಂದಿನ ಬೀದಿಯಲ್ಲೇ ಇವರ ಹಳೇ ಸಹೋದ್ಯೋಗಿಯ ಮನೆ. ನಾವು ವಾಪಸ್ ಬರುವ ಹೊತ್ತಿಗೆ ಸಾರು ಒಗ್ಗರಣೆ ಸೊಪ್ಪು ಏನೂ ಇಲ್ಲದೆ ತಣ್ಣಗಾಗಿರುತ್ತದೆ. ಇಂಥವರನ್ನು ಕರೆದುಕೊಂಡು ನಾನು ಸ್ಪೇನ್‌ಗೆ ಹೋದೆ ನೋಡಿ.

ಮಗಳು ಅಳಿಯ ಇರುವುದು ಬಿಲ್ಬಾವೊದಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹೋದರೆ ಲಾಗ್ವಾರ್ಡಿಯಾ ಅನ್ನುವ ಊರು. ರಿಯೋಹಾ ವೈನ್‌ನ ಸೀಮೆ. ಮಗಳಿಗೆ ರಜೆ ಸಿಗಲಿಲ್ಲ, ಅಳಿಯ ಕರೆದುಕೊಂಡು ಹೊರಟ. ಜೀವಮಾನದಲ್ಲಿ ವೈನ್ ಮುಟ್ಟದ ಅತ್ತೆ ಮಾವನನ್ನು ವೈನ್ ಊರಿಗೆ ಯಾಕೆ ಕರೆದೊಯ್ಯಬೇಕು? ಇವರೇ ಹೇಳಿದ್ದು. ಹೇಗೂ ಸ್ಪೇನ್‌ಗೆ ಬಂದಿದ್ದೀವಲ್ಲ.

ಒಂದು ರಾತ್ರಿಗೆ ಒಂದು ಕೈಚೀಲ ಸಾಕಿತ್ತು. ಹೇಗೂ ಕಾರಿದೆಯಲ್ಲ ಅಂತ ಇವರು ದೊಡ್ಡ ಸೂಟ್‌ಕೇಸನ್ನೇ ಡಿಕ್ಕಿಗೆ ಹಾಕಿಸಿದರು. ಕೋಟೆ ಬಾಗಿಲ ಹತ್ತಿರ ಅಳಿಯ ಕಾರು ನಿಲ್ಲಿಸಿ, "ಇಲ್ಲಿಂದ ನಡೀಬೇಕು ಅತ್ತೆ, ಒಳಗೆ ಕಾರು ಬಿಡಲ್ಲ" ಅಂದ.

"ಯಾಕಪ್ಪಾ?"

"ಊರ ಕೆಳಗೆಲ್ಲ ಪೊಳ್ಳು."

ನಿಜವಾಗಿಯೂ ಪೊಳ್ಳು. ಗುಡ್ಡದ ಮೇಲೆ ಗೋಡೆ ಕಟ್ಟಿಕೊಂಡ ಪುಟ್ಟ ಊರು, ಮೂರೇ ಉದ್ದನೆಯ ಬೀದಿ. 1164ರಲ್ಲಿ ನವಾರಾದ ರಾಜ ಇದಕ್ಕೆ ಸನ್ನದು ಕೊಟ್ಟನಂತೆ. ಆಮೇಲೆ ಶತಮಾನಗಟ್ಟಲೆ ಜನ ಮನೆ ಮನೆಯ ಕೆಳಗೆ ನೆಲಮಾಳಿಗೆ ಕೊರೆದಿದ್ದಾರೆ. 200ಕ್ಕೂ ಹೆಚ್ಚು ಇವೆ. ನಮ್ಮ ಹಿರಿಯರು ಧಾನ್ಯಕ್ಕೆ ಹಗೇವು ತೋಡಿದ ಹಾಗೆ ಇವರು ವೈನ್‌ಗೆ ತೋಡಿದ್ದಾರೆ. ಮೇಲೆ ವಾಹನ ಓಡಿಸಿದರೆ ಊರೇ ತನ್ನ ಪೀಪಾಯಿಗಳ ಮೇಲೆ ಕುಸಿದು ಕೂರುತ್ತದೆ ಅನ್ನುವ ಭಯ.

ಆ ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯೋದು ಅಂದರೆ ಹೇಗಿರುತ್ತೆ ಅಂತ ಕೇಳಬೇಡಿ. ಕಟಕಟಕಟ ಅಂತ ಇಡೀ ಬೀದಿಗೆ ಕೇಳಿಸುವ ಸದ್ದು. ಮೂರನೇ ತಿರುವಿನಲ್ಲಿ ಟಕ್ ಅಂತು. ಚಕ್ರ ಕಳಚಿ, ಇಳಿಜಾರಿನಲ್ಲಿ ನಿಧಾನವಾಗಿ ಉರುಳಿ, ಒಂದು ಮನೆಯ ಗೋಡೆ ಬುಡದಲ್ಲಿದ್ದ ಕಂಡಿಯೊಳಗೆ ಹೋಗಿ ಬಿತ್ತು. ನೆಲಮಾಳಿಗೆಗೆ ಗಾಳಿ ಆಡಲಿ ಅಂತ ಬಿಟ್ಟ ಕಂಡಿ ಅದು. ಬಾಗಿಲು ತಟ್ಟಿದರೆ ಯಾರೂ ಇಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿ ವೈನ್ ಎರಡು ವರ್ಷ ಮಾಗಿದರೆ ಕ್ರಿಯಾನ್ಸಾ, ಮೂರು ವರ್ಷಕ್ಕೆ ರೆಸೆರ್ವಾ, ಐದಕ್ಕೆ ಗ್ರಾನ್ ರೆಸೆರ್ವಾ. ನಿವೃತ್ತ ಬ್ಯಾಂಕ್ ಅಧಿಕಾರಿಯಾದ ನಮ್ಮವರಿಗೆ ಇಡೀ ಪ್ರವಾಸದಲ್ಲಿ ಚೆನ್ನಾಗಿ ಅರ್ಥವಾದ ವಿಷಯ ಇದೊಂದೇ. "ಎಫ್‌ಡಿ ಇಟ್ಟ ಹಾಗೆ ಕಣೇ!" ಅಂದರು. ನಮ್ಮ ಚಕ್ರವೂ ಈಗ ರೆಸೆರ್ವಾ ಆಗುವ ದಾರಿಯಲ್ಲಿರಬೇಕು.

ಒಂದು ನೆಲಮಾಳಿಗೆಗೆ ಇಳಿದೂ ನೋಡಿದೆವು. ಹೊರಗೆ ಆಗಸ್ಟ್ ಬಿಸಿಲು, ಒಳಗೆ ಶಾಲು ಹೊದೆಯುವಷ್ಟು ತಂಪು. ಲೋಟ ಕೊಟ್ಟರು. ನಾವಿಬ್ಬರೂ ಮೂಸಿ ವಾಪಸ್ ಇಟ್ಟೆವು. "ನನಗೂ ಅಭ್ಯಾಸ ಇಲ್ಲ ಅತ್ತೆ, ಡ್ರೈವಿಂಗ್ ಬೇರೆ" ಅಂದ ಅಳಿಯ. ಆದರೆ ಲೋಟದ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ ಚಂದ ನೋಡಿದರೆ ಅಭ್ಯಾಸ ಸುಮಾರು ಕ್ರಿಯಾನ್ಸಾ ದಾಟಿದೆ ಅನ್ನಿಸಿತು. ಸುಮ್ನೆ ಇದ್ದೆ. ನರಿ ಮತ್ತು ದ್ರಾಕ್ಷಿಯ ಕಥೆಯನ್ನು ಸ್ಪ್ಯಾನಿಷ್ ಪದ್ಯ ಮಾಡಿದ ಸಮಾನಿಯೆಗೊ ಹುಟ್ಟಿದ್ದು ಇದೇ ಊರಿನಲ್ಲಿ, 1745ರಲ್ಲಿ. ಸುತ್ತ ಕಣ್ಣು ಹಾಯುವವರೆಗೆ ದ್ರಾಕ್ಷಿ ತೋಟ. "ಹುಳಿ ವಾಸನೆ" ಅಂತ ಮೂಗು ಮುರಿದು ಹೊರಬಂದ ನಮ್ಮವರನ್ನು ನೋಡಿದ್ದರೆ ಆ ಮಹಾನುಭಾವ ಇನ್ನೊಂದು ಪದ್ಯ ಬರೆಯುತ್ತಿದ್ದನೇನೋ.

ಊಟದ ಕಥೆ ಜಾಸ್ತಿ ಹೇಳಲ್ಲ. ಆಲೂಗಡ್ಡೆ ಪಲ್ಯ ಅಂತ ಆಸೆಪಟ್ಟಿದ್ದರಲ್ಲಿ ಹಂದಿಮಾಂಸದ ಸಾಸೇಜ್ ಇತ್ತು. ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡೆವು.

ಊಟವಾದ ಮೇಲೆ ಊರಿಗೆ ಊರೇ ಮಲಗಿತು. ಅಂಗಡಿ ಬಾಗಿಲು ಹಾಕಿತ್ತು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅಳಿಯನೂ ಮಲಗಿದ. ಎಷ್ಟು ಬುದ್ಧಿವಂತ ಜನ ಅಂತ ನಾನೂ ದಿಂಬಿಗೆ ತಲೆ ಕೊಟ್ಟೆ. ಇವರು ಕಿಟಕಿ ಹತ್ತಿರ ನಕ್ಷೆ ಬಿಡಿಸಿಕೊಂಡು ನಿಂತಿದ್ದರು.

"ಇಲ್ಲೊಂದು ಕೆರೆ ಇದೆ ಕಣೇ. ಒಂದೆರಡು ಕಿಲೋಮೀಟರ್ ಅಷ್ಟೇ. ಹೇಗೂ ಬಂದಿದ್ದೀವಲ್ಲ."

ಮಧ್ಯಾಹ್ನ ಮೂರೂವರೆ. ನಮ್ಮ ಕಡೆ ಆ ಹೊತ್ತಿಗೆ ನಾಯಿಯೂ ನೆರಳು ಬಿಟ್ಟು ಏಳಲ್ಲ. ಆದರೂ ಹೊರಟೆ. ಕೆರೆ ಅಂದರೆ ಮನಸ್ಸಿನಲ್ಲಿ ಒಂದು ಚಿತ್ರ ಬರುತ್ತದಲ್ಲ, ತಂಗಾಳಿ, ಮರ, ಒಂದು ಕಲ್ಲುಬೆಂಚು. ಎರಡೂ ಕಡೆ ಮೊಣಕಾಲೆತ್ತರದ ದ್ರಾಕ್ಷಿ ಗಿಡ, ಒಂದು ಅಂಗೈಯಷ್ಟೂ ನೆರಳಿಲ್ಲ. ಬೆನ್ನ ಹಿಂದೆ ಸಿಯೆರಾ ದೆ ಕಾಂತಾಬ್ರಿಯಾ ಬೆಟ್ಟಸಾಲು ಬೂದು ಗೋಡೆಯ ಹಾಗೆ ನಿಂತಿತ್ತು. ಸಮುದ್ರದ ಕಡೆಯ ಚಳಿಗಾಳಿಯನ್ನು ಅದು ತಡೆಯುವುದರಿಂದಲೇ ಇಲ್ಲಿ ದ್ರಾಕ್ಷಿ ಚೆನ್ನಾಗಿ ಬರುತ್ತದಂತೆ. ಆವತ್ತು ನಮಗೆ ಬರಬೇಕಾಗಿದ್ದ ಗಾಳಿಯನ್ನೂ ಅದೇ ತಡೆದಿತ್ತು ಅನ್ನಿ.

ಅರ್ಧ ಗಂಟೆ ನಡೆದ ಮೇಲೆ ಇವರು ನಿಂತರು. ನಕ್ಷೆ ನೋಡಿದರು. ಎದುರಿಗೆ ನೋಡಿದರು. ನಕ್ಷೆಯನ್ನು ತಲೆಕೆಳಗೆ ಮಾಡಿ ನೋಡಿದರು.

"ಎಲ್ರೀ ಕೆರೆ?"

"ಇಲ್ಲೇ ಎಲ್ಲೋ ಇರಬೇಕು."

ಎದುರಿಗೆ ಒಂದು ವಿಶಾಲವಾದ ಬಯಲು. ಬಿರುಕು ಬಿಟ್ಟ ಮಣ್ಣು, ಅದರ ಮೇಲೆ ಹಪ್ಪಳದ ಹಿಟ್ಟು ಚೆಲ್ಲಿದ ಹಾಗೆ ಬಿಳೀ ಪುಡಿ. ನಾನು ಬಗ್ಗಿ ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟೆ. ಉಪ್ಪು! ಪಕ್ಕದಲ್ಲಿ ಒಂದು ಫಲಕ, ಅದರಲ್ಲಿ ನೀಲಿ ನೀರು, ಬಾತುಕೋಳಿ. ಇವರು ಫಲಕದ ಚಿತ್ರ ನೋಡಿ, ಬಯಲು ನೋಡಿ, ಬಹಳ ಗಂಭೀರವಾಗಿ, "ನಾವು ನಿಂತಿರೋದೇ ಕೆರೆ" ಅಂದರು.

ನಾನು ಮಾತಾಡಲಿಲ್ಲ. ಮಾತಾಡೋಕೆ ಬಾಯಲ್ಲಿ ನೀರಿರಲಿಲ್ಲ. ತಂದಿದ್ದ ಬಾಟಲಿಯನ್ನು ಇವರು ದಾರಿಯಲ್ಲೇ ಖಾಲಿ ಮಾಡಿದ್ದರು, ಹೇಗೂ ಕೆರೆ ಹತ್ತಿರ ಹೋಗ್ತಿದ್ದೀವಲ್ಲ ಅಂತ. ಅಷ್ಟಾದರೂ ಬಿಟ್ಟರಾ? ಕೆರೆಯ ನಟ್ಟನಡುವೆ ಹೋಗಿ, ಸೊಂಟಕ್ಕೆ ಕೈಯಿಟ್ಟು, "ಒಂದು ಫೋಟೋ ತೆಗಿ" ಅಂದರು.

ಸಂಜೆ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಕೆರೆಯ ಹೆಸರು ಕಾರ್ರಾವಲ್ಸೆಕಾ. "ಸೆಕಾ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಒಣಗಿದ್ದು ಅಂತ ಮಾವ. ಹೆಸರಲ್ಲೇ ಇದೆ." ಮಳೆ ನೀರು ಬಂದು ನಿಲ್ಲುವ, ಹೊರಗೆ ಹೋಗೋಕೆ ದಾರಿಯಿಲ್ಲದ ಉಪ್ಪುಕೆರೆ ಅದು. ಬೇಸಿಗೆಯಲ್ಲಿ ಒಣಗುತ್ತದೆ, ಚಳಿಗಾಲದ ಮಳೆಗೆ ಮತ್ತೆ ತುಂಬಿ ಹಕ್ಕಿಗಳು ಬರುತ್ತವೆ. ಅಲ್ಲೇ ಹತ್ತಿರ ಜನ ಏರಿ ಕಟ್ಟಿ ಮಾಡಿಕೊಂಡ ಇನ್ನೊಂದು ಕೆರೆ ಇದೆ. ಅದರಲ್ಲಿ ನೀರಿತ್ತಂತೆ. ಹೇಗೂ ಬಂದವರು ಅದೊಂದಕ್ಕೆ ಹೋಗಲಿಲ್ಲ!

ರಾತ್ರಿ ಕೋಟೆ ಗೋಡೆಯ ಹತ್ತಿರ ಕೂತಾಗ ಮತ್ತೆ ಆ ಬಯಲು ಕಾಣಿಸಿತು, ಬೆಳದಿಂಗಳಿಗೆ ಬೆಳ್ಳಗೆ. 1996ರಲ್ಲೇ ಈ ಕೆರೆಗಳು ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿವೆ. ವರ್ಷದಲ್ಲಿ ಎಷ್ಟೋ ದಿನ ಹನಿ ನೀರಿಲ್ಲದ ಬಯಲು, ಸುತ್ತ ಚಿನ್ನದ ಬೆಲೆಯ ದ್ರಾಕ್ಷಿ ತೋಟ. ಆದರೂ ಅದನ್ನು ಕೆರೆ ಅಂತಲೇ ಬಿಟ್ಟಿದ್ದಾರೆ. ನಾವು ದಿನಾ ಬಸ್ ಹತ್ತುವ ಮೆಜೆಸ್ಟಿಕ್ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಅವಕ್ಕೆ ಮಳೆಗಾಲದವರೆಗೆ ಕಾಯುವ ಪುಣ್ಯ ಇರಲಿಲ್ಲ. ಇವರೂ ಅದನ್ನೇ ಯೋಚಿಸುತ್ತಿದ್ದರೋ ಏನೋ, ತುಂಬಾ ಹೊತ್ತು ಸುಮ್ಮನಿದ್ದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಆ ಪ್ರವಾಸದಲ್ಲಿ ಅದೊಂದೇ ಸಲ.

ನಿನ್ನೆ ಸಂಜೆ ಸೂಟ್‌ಕೇಸ್ ಹೊತ್ತುಕೊಂಡು ಚಿಕ್ಕಪೇಟೆಗೆ ಹೋದೆವು. ಒಂದು ಚಕ್ರ ಹಾಕಿಸಿಕೊಂಡು ಸೀದಾ ಮನೆಗೆ ಅಂತ ಇವರಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ. ಬ್ಯಾಗ್ ರಿಪೇರಿಯ ಹುಡುಗ ಸೂಟ್‌ಕೇಸನ್ನು ಮಗುಚಿ ಹಾಕಿ, ಉಳಿದ ಮೂರು ಚಕ್ರವನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಆಮೇಲೆ ಇವರ ಮುಖ ನೋಡಿ ಹೇಳಿದ:

"ಹೇಗೂ ಬಂದಿದ್ದೀರಲ್ಲ ಸಾರ್, ನಾಲ್ಕೂ ಚೇಂಜ್ ಮಾಡಿಸ್ಕೊಂಡು ಹೋಗಿ."