ಹೂಳು ಮುಟ್ಟದೆ ಲಗೂನ್ ತೊಳೆಯುವ ವಿಧಾನ

ದಡದಲ್ಲಿ ಕಾರ್ಖಾನೆಗಳು, ಕಡಲಿಗೆ ತೆರೆದುಕೊಳ್ಳಲು ಒಂದೇ ಒಂದು ಇಕ್ಕಟ್ಟಾದ ಬಾಯಿ. ಇಂಥ ಲಗೂನಿಗೆ, ಅಂದರೆ ಕಡಲಂಚಿನ ಹಿನ್ನೀರಿಗೆ, ಬಿಟ್ಟ ಸೀಸ, ಸತು, ಕ್ಯಾಡ್ಮಿಯಂ, ಪಾದರಸ ಎಲ್ಲವೂ ತಳದ ಹೂಳಿನಲ್ಲಿ ಠೇವಣಿಯಾಗಿ ಕೂರುತ್ತವೆ. ಅದನ್ನು ತೆಗೆಯುವುದು ಕಷ್ಟ, ಖರ್ಚಿನ ಬಾಬತ್ತು. 'ಎಲ್ಲವೂ ಮಿತಿಯೊಳಗಿದೆ' ಎಂದು ವರದಿ ಕೊಡುವುದು ಸಲೀಸು. ಅದಕ್ಕೆ ಒಂದೇ ಒಂದು ಸುಳ್ಳು ಅಂಕಿಯನ್ನೂ ಬರೆಯಬೇಕಾಗಿಲ್ಲ. ತನಿಖಾ ಸಮಿತಿಗಳ ಅನುಕೂಲಕ್ಕಾಗಿ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಮೊದಲು ನೀರು ಪರೀಕ್ಷಿಸಿ. ಲೋಹದ ಬಹುಪಾಲು ನೀರಿನಲ್ಲಿ ಉಳಿಯುವುದೇ ಇಲ್ಲ. ಜೇಡಿಯ ಕಣಕ್ಕೂ ಕಬ್ಬಿಣ, ಮ್ಯಾಂಗನೀಸಿನ ಆಕ್ಸೈಡುಗಳಿಗೂ ಅಂಟಿಕೊಂಡು ಹೊಳೆಯಲ್ಲಿ ತೇಲಿಬರುತ್ತದೆ; ಉಪ್ಪುನೀರು ತಾಗಿದ್ದೇ ತಡ, ಕಣಗಳು ಗುಂಪುಗೂಡಿ ತಳ ಸೇರುತ್ತವೆ. ಹಾಗಾಗಿ ಬಾಟಲಿಯಲ್ಲಿ ತುಂಬಿದ ನೀರು ಸಜ್ಜನನಂತೆ ಕಾಣುತ್ತದೆ. ಬಹಳಷ್ಟು ವರದಿಗಳು ಇಲ್ಲಿಗೇ ಮುಗಿಯುತ್ತವೆ.

ಹಟ ಹಿಡಿದು ಹೂಳನ್ನೇ ಪರೀಕ್ಷಿಸಿ ಎನ್ನುವವರು ಇದ್ದರೆ, ದೋಣಿಯನ್ನು ಅಳಿವೆಯ ಬಾಯಿಗೆ ಬಿಡಿ. ಅಲ್ಲಿ ಸೆಳೆತಕ್ಕೆ ನವುರಾದದ್ದೆಲ್ಲ ತೊಳೆದುಹೋಗಿ ಬರೀ ಮರಳು ಉಳಿದಿರುತ್ತದೆ. ಲೋಹ ಅಂಟುವುದು 63 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ. ದಪ್ಪ ಮರಳು ಬಹುಮಟ್ಟಿಗೆ ಬೆಣಚುಕಲ್ಲು, ಅದಕ್ಕೆ ಯಾರ ಸಹವಾಸವೂ ಬೇಡ. ಯಾರಾದರೂ ಜೇಡಿಯಲ್ಲಿ ಹೆಚ್ಚಿರುವ ಅಲ್ಯೂಮಿನಿಯಂನ ಅನುಪಾತದಿಂದ ಕಣಗಾತ್ರದ ವ್ಯತ್ಯಾಸ ಸರಿಪಡಿಸಿ ಎಂದರೆ, ಅವರನ್ನು ಮುಂದಿನ ಸಭೆಗೆ ಕರೆಯಬೇಡಿ.

ಹೂಳು ಹಿಡಿಯುವ ದವಡೆಯಂಥ ಗ್ರ್ಯಾಬ್ ಮೇಲೆ ಬಂದಾಗ ಒಂದು ಕ್ಷಣ ಇಣುಕಿ ನೋಡಿ. ಮೇಲೆ ಕೆಲವೇ ಮಿಲಿಮೀಟರ್ ಕಂದು ಪದರ, ಮುಟ್ಟಿದರೆ ಹೊಗೆಯಂತೆ ಏಳುತ್ತದೆ. ಕೆಳಗೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ತಿಳಿದವರು ಮೇಲಿನ ನೀರನ್ನು ಕೊಳವೆಯಿಂದ ಮೆಲ್ಲಗೆ ಹೀರಿ ತೆಗೆದು, ಲೋಹದ ಗೋಡೆಗೆ ತಾಗದ ನಡುಭಾಗದಿಂದ ಮೇಲಿನ 2 ಸೆಂಟಿಮೀಟರನ್ನು ಪ್ಲಾಸ್ಟಿಕ್ ಚಮಚದಲ್ಲಿ ಎತ್ತುತ್ತಾರೆ. ನೀವು ಗ್ರ್ಯಾಬನ್ನೇ ಓರೆ ಮಾಡಿ ನೀರನ್ನು ಸುರಿದುಬಿಡಿ. ಇತ್ತೀಚೆಗೆ ಬಂದು ಕೂತ ನವುರು ಕಣಗಳೂ ನೀರಿನ ಜತೆ ಊರಿಗೆ ಹೋಗುತ್ತವೆ. ಸತುವಿನ ಲೇಪವಿರುವ ಸಲಿಕೆ ಬಳಸಿದರಂತೂ ಇನ್ನೂ ಒಳ್ಳೆಯದು. ಸತು ಹೆಚ್ಚು ಬಂದರೆ ತಪ್ಪನ್ನು ಸಲಿಕೆಯ ಮೇಲೆ ಹಾಕಬಹುದು.

ಪಾದರಸದ ಭಯವಿದ್ದರೆ ಮಾದರಿಯನ್ನು ಒಲೆಯಲ್ಲಿ ಚೆನ್ನಾಗಿ ಕಾಯಿಸಿ ಒಣಗಿಸಿ, ಒಂದಷ್ಟು ಹಾರಿಹೋಗುತ್ತದೆ. ಉಳಿದ ಲೋಹಗಳಿಗೆ ಒಣಗಿಸುವುದೇ ಬೇಡ, ಹಸಿ ತೂಕದ ಲೆಕ್ಕವೇ ಸಾಕು. ಶೇಕಡಾ 70 ನೀರಿರುವ ಕೆಸರಿನಲ್ಲಿ ಒಣ ತೂಕದ ಲೆಕ್ಕಕ್ಕೆ ಕಿಲೋಗೆ 100 ಮಿಲಿಗ್ರಾಂ ಇದ್ದದ್ದು ಕಾಗದದ ಮೇಲೆ 30 ಆಗುತ್ತದೆ. ಕರಗಿಸಲು ಸೌಮ್ಯವಾದ ಆಮ್ಲ ಬಳಸಿ, ಬಂದ ಅಂಕಿಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಪೂರ್ತಿ ಕರಗಿಸಿ ಪಡೆದ ಸಹಜ ಮಟ್ಟದ, ಅಂದರೆ ಮಾಲಿನ್ಯವಿಲ್ಲದಾಗ ಇರುವ ಪ್ರಮಾಣದ, ಜತೆ ಹೋಲಿಸಿ. ಅರ್ಧವನ್ನು ಇಡಿಯ ಜತೆ ತೂಗಿದರೆ ಅರ್ಧವೇ ಹಗುರ.

ನಿಜವಾದ ಕೈಚಳಕ ಇರುವುದು ಈ 'ಸಹಜ ಮಟ್ಟ'ದಲ್ಲಿ. ಜರ್ಮನಿಯ ವಿಜ್ಞಾನಿ ಮುಲ್ಲರ್ 1969ರಲ್ಲಿ ಕೊಟ್ಟ ಹೂಳಿನ ಮಾಲಿನ್ಯ ಸೂಚ್ಯಂಕದಲ್ಲಿ, ಸಿಕ್ಕ ಪ್ರಮಾಣವನ್ನು ಸಹಜ ಮಟ್ಟದ ಒಂದೂವರೆ ಪಟ್ಟಿನಿಂದ ಭಾಗಿಸಿ, 2ರ ಆಧಾರದಲ್ಲಿ ಲಾಗರಿತಮ್ ತೆಗೆಯಬೇಕು. ಹೂಳಿನಲ್ಲಿ ಸೀಸ ಕಿಲೋಗೆ 90 ಮಿಲಿಗ್ರಾಂ ಇದೆಯೆನ್ನಿ. 1961ರಿಂದ ಎಲ್ಲರೂ ಸಹಜ ಮಟ್ಟವೆಂದು ಬಳಸುತ್ತ ಬಂದ ಜೇಡಿಗಲ್ಲಿನ ಸರಾಸರಿ 20. 90ನ್ನು 30ರಿಂದ ಭಾಗಿಸಿದರೆ 3, ಸೂಚ್ಯಂಕ 1.58, ಅಂದರೆ 'ಮಧ್ಯಮ ಮಾಲಿನ್ಯ'. ಈಗ ಅದೇ ಲಗೂನಿನಲ್ಲಿ ಒಂದು ಗೇಣು ಕೆಳಗಿನ ಪದರವನ್ನು ಸಹಜವೆಂದು ಘೋಷಿಸಿ. ಅದು ಕಾರ್ಖಾನೆ ಬಂದ ಮೇಲೆ ಕೂತದ್ದೇ, ಅಲ್ಲಿ ಸೀಸ 60. ಒಂದೂವರೆ ಪಟ್ಟು 90, ಭಾಗಲಬ್ಧ 1, ಲಾಗರಿತಮ್ ಸೊನ್ನೆ. ಲಗೂನ್ ನಿರ್ಮಲ! ಸುಮಾರು 22 ವರ್ಷ ಅರ್ಧಾಯುಷ್ಯದ ವಿಕಿರಣಶೀಲ ಸೀಸ-210ರಿಂದ ಪದರಗಳ ವಯಸ್ಸು ಕಟ್ಟಿದರೆ ಗುಟ್ಟು ರಟ್ಟಾಗುತ್ತದೆ, ಆ ಪರೀಕ್ಷೆಯನ್ನು ಟೆಂಡರಿನಲ್ಲೇ ಕೈಬಿಡಿ.

ಆದರೂ ಚರಂಡಿಯ ಬಾಯಲ್ಲಿ ಸೀಸ 400 ಸಿಕ್ಕಿತೇ? ಅಮೆರಿಕದ ಸಾಗರ-ವಾತಾವರಣ ಸಂಸ್ಥೆ ನೋವಾದ ಮಾರ್ಗಸೂಚಿಯಲ್ಲಿ 218 ದಾಟಿದರೆ ತಳವಾಸಿ ಜೀವಿಗಳಿಗೆ ಹಾನಿಯಾಗುವುದು ಸಾಮಾನ್ಯ. ಹೆದರಬೇಡಿ. ದೂರದಲ್ಲಿ 20 ಇರುವ ಒಂಬತ್ತು ಜಾಗ ಸೇರಿಸಿ, ಸರಾಸರಿ 58. ಚರಂಡಿ ಬಾಯಲ್ಲಿರುವ ಕಪ್ಪೆಚಿಪ್ಪಿಗೆ ಸರಾಸರಿ ಹೂಳಿನಲ್ಲಿ ಬದುಕುವ ಅಭ್ಯಾಸ ಮಾಡಿಸುವುದಷ್ಟೇ ಬಾಕಿ.

ಇಷ್ಟಾದ ಮೇಲೂ ಹೂಳೆತ್ತಿ ಎಂದು ಗಲಾಟೆ ಮಾಡುವವರಿಗೆ ಜಪಾನಿನ ಮಿನಮಾಟ ತೋರಿಸಿ. ಅಲ್ಲಿ ಪಾದರಸದ ವಿಷದಿಂದಾದ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ, ಕಾರ್ಖಾನೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ, ಕೊಲ್ಲಿಯ ಹೂಳೆತ್ತಿ 58 ಹೆಕ್ಟೇರ್ ಭೂಮಿಯೊಳಗೆ ಹುಗಿದು ಮುಗಿಸಿದ್ದು 1990ರಲ್ಲಿ. ಆತುರವೇಕೆ? ಎತ್ತಲೇಬೇಕೆಂದರೆ ಮಳೆಗಾಲಕ್ಕೆ ಮುಂಚೆ ಎತ್ತಿ ದಡದಲ್ಲೇ ರಾಶಿ ಹಾಕಿ. ಆ ಕಪ್ಪು ಕೆಸರಿನಲ್ಲಿ ಕ್ಯಾಡ್ಮಿಯಂ, ಸತುಗಳು ಸಲ್ಫೈಡಾಗಿ ಕಟ್ಟುಬಿದ್ದಿರುತ್ತವೆ. ಗಾಳಿ ತಾಗಿದರೆ ಕಟ್ಟು ಬಿಚ್ಚುತ್ತದೆ, ಮಳೆ ಬಂದರೆ ಲೋಹ ಕರಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮುಂದಿನ ವರ್ಷವೂ ಟೆಂಡರ್ ಕರೆಯಬಹುದು.

ಉಳಿದ ಮಾದರಿಯ ಡಬ್ಬಿಗಳ ಬಗ್ಗೆ ಮಾತ್ರ ಎಚ್ಚರ. ಒಣಗಿದ ಹೂಳಿನ ಸೀಸ ವರ್ಷಗಟ್ಟಲೆ ಇಟ್ಟರೂ ಎಲ್ಲಿಗೂ ಹೋಗುವುದಿಲ್ಲ, ಬೇರೊಬ್ಬರು ತೆರೆದು ಅಳೆದಾರು. ವರದಿಗೆ ಸಹಿ ಬಿದ್ದ ಸಂಜೆಯೇ ಲಗೂನಿಗೆ ಸುರಿದುಬಿಡಿ.